ಹಡಗು ಯಾರದು?

ನಮ್ಮ ಹಚ್ಚೊಳ್ಳಿಗೂ ಸಮುದ್ರಕ್ಕೂ ಹೇಳಿಕೊಳ್ಳುವಂಥ ನಂಟು ಇಲ್ಲ. ಸಿರುಗುಪ್ಪ ಸೀಮೆಯ ಭತ್ತದ ಗದ್ದೆಗಳ ನಡುವಿನ ಊರು. ನೀರು ಎಂದರೆ ನಮಗೆ ತುಂಗಭದ್ರೆ; ಕಾಲುವೆಗೆ ನೀರು ಬಿಡುವ ತಾರೀಖು, ನಿಲ್ಲಿಸುವ ತಾರೀಖು. ನಮ್ಮಲ್ಲಿ ಸಮುದ್ರ ಕಂಡವರೆಂದರೆ ಹಜ್ಜಿಗೆ ಹಡಗಿನಲ್ಲಿ ಹೋಗಿಬಂದ ಹಿಂದಿನ ತಲೆಮಾರಿನ ಕೆಲವರು, ಅವರನ್ನು ಬಿಟ್ಟರೆ ಲಾರಿ ಡ್ರೈವರುಗಳು.

ಡ್ರೈವರುಗಳ ಮಾತು ಬಂದದ್ದಕ್ಕೆ ಕಾರಣವಿದೆ. 2003-04ರ ನಂತರ ಚೀನಾದವರು ಕಬ್ಬಿಣದ ಅದಿರನ್ನು ಸಿಕ್ಕಿದ ಬೆಲೆಗೆ ಕೊಳ್ಳತೊಡಗಿದಾಗ ಸಂಡೂರು, ಹೊಸಪೇಟೆ, ಬಳ್ಳಾರಿ ತಾಲ್ಲೂಕುಗಳ ಬೆಟ್ಟಗಳು ಲಾರಿ ಹತ್ತಿದವು. ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಘಟ್ಟ ಇಳಿದು, ಅಂಕೋಲಾ ಬಳಿಯ ಬೇಲೆಕೇರಿಗೋ ಕಾರವಾರಕ್ಕೋ ಅವು ಹೋಗುತ್ತಿದ್ದವು. ಭತ್ತದ ಸೀಮೆಯ ಹುಡುಗರೂ ನಾಟಿ ಕೊಯ್ಲು ಬಿಟ್ಟು ಕ್ಲೀನರುಗಳಾದರು, ಆಮೇಲೆ ಡ್ರೈವರುಗಳಾದರು. ಕೆಲವರು ಫೈನಾನ್ಸಿನಲ್ಲಿ ಸಾಲ ಮಾಡಿ ಸ್ವಂತ ಲಾರಿಯನ್ನೇ ತಂದರು. ನಮ್ಮ ಓಣಿಯ ಒಬ್ಬ ಚಾಚಾ ಹಾಗೆ ಲಾರಿ ಮಾಲೀಕರಾದವರು.

2006ರ ಜೂನ್ ಮೊದಲ ವಾರ. ಕಾರವಾರದಲ್ಲಿ ಹಡಗೊಂದು ಬಂಡೆಗೆ ಬಡಿದು ಸಮುದ್ರದ ತುಂಬ ಎಣ್ಣೆ ಹರಡಿದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಹೋಟೆಲಿನ ಬೆಂಚಿನ ಮೇಲೆ ಕುಳಿತು ನಾವು ಅದನ್ನು ಓದಿ ಹೇಳುತ್ತಿದ್ದೆವು. ಚಾಚಾ ಚಹಾದ ಬಟ್ಟಲು ಕೆಳಗಿಟ್ಟು ಕೇಳಿದರು: "ಹಡಗ ಯಾರ್ದು ಬೇಟಾ? ಆರ್‌ಸಿ ಯಾರ ಹೆಸರ್‌ಮ್ಯಾಲ ಐತಿ?"

ನಾವು ಪತ್ರಿಕೆಯಲ್ಲಿ ಮತ್ತೆ ಹುಡುಕಿದೆವು. ಪನಾಮಾ ದೇಶದ ಹಡಗು ಎಂದಿತ್ತು.

"ಪನಾಮಾ ಅಂದ್ರ ಎಲ್ಲಿ ಬರ್ತೈತಿ? ಅಲ್ಲಿಂದ ಯಾರಾರ ಬಂದಾರೇನು?"

ಯಾರೂ ಬಂದಿರಲಿಲ್ಲ. "ನಮ್ಮ ಲಾರಿ ಒಂದು ಎಮ್ಮೀಗೆ ಗುದ್ದಿದ್ರೂ ಮೊದಲ ಆರ್‌ಸಿ ಬುಕ್ ಕೇಳ್ತಾರ, ಆಮ್ಯಾಲ ಇನ್ಶೂರೆನ್ಸ್ ಕೇಳ್ತಾರ. ಅಷ್ಟು ದೊಡ್ಡ ಹಡಗಿಗೆ ಕೇಳೂದಿಲ್ಲೇನು?" ಎಂದು ಅವರು ಎದ್ದು ಹೋದರು. ಚಾಚಾ ಕೇಳಿದ್ದು ಹುಡುಗಾಟದ ಪ್ರಶ್ನೆಯಾಗಿರಲಿಲ್ಲ. ಸಮುದ್ರಕ್ಕೆ ಎಣ್ಣೆ ಚೆಲ್ಲಿದಾಗಲೆಲ್ಲ ದೊಡ್ಡ ದೊಡ್ಡ ದೇಶಗಳ ಸಂಸತ್ತುಗಳು ಇದೇ ಪ್ರಶ್ನೆಯ ಮುಂದೆ ಬಾಯಿ ಕಟ್ಟಿ ನಿಂತಿವೆ ಎಂಬುದು ನಮಗೆ ಗೊತ್ತಾದದ್ದು ಆಮೇಲೆ, ಆ ಚರಿತ್ರೆಯನ್ನು ಓದುತ್ತ ಹೋದಾಗ.

ಮೊದಲು ಕಾರವಾರದ ಸಂಗತಿ. 2006ರ ಮೇ 30ರಂದು 'ಓಷನ್ ಸೆರಾಯಾ' ಎಂಬ ಸರಕು ಹಡಗು ಕಾರವಾರದ ಎದುರಿನ ಆಯ್ಸ್ಟರ್ ರಾಕ್ ಬಂಡೆಗಳ ಬಳಿ ತಳ ತಾಗಿ ಸಿಕ್ಕಿಕೊಂಡಿತು. ಮುಂಗಾರಿನ ಅಲೆ ಎದ್ದ ಕಾಲ. ಹಡಗಿನಲ್ಲಿದ್ದ ಫರ್ನೇಸ್ ಎಣ್ಣೆ ಸುಮಾರು 650 ಟನ್. ಅದು ಸೋರಿ, ಗಾಳಿಯ ದಿಕ್ಕಿಗೆ ಹರಡಿ, ಕಾರವಾರದ ದಂಡೆಯನ್ನಷ್ಟೇ ಅಲ್ಲ, ಗಡಿಯಾಚೆಯ ಗೋವೆಯ ದಕ್ಷಿಣ ತೀರವನ್ನೂ ಮುಟ್ಟಿತು. ಯಾಂತ್ರಿಕ ದೋಣಿಗಳು ದಡ ಹತ್ತುವ ಹೊತ್ತು ಅದು. ಮಳೆಗಾಲದಲ್ಲಿ ದಡದ ಹತ್ತಿರವೇ ಬಲೆ ಬೀಸಿ ಹೊಟ್ಟೆ ಹೊರೆಯುವ ಬಡ ಮೀನುಗಾರನಿಗೆ ಮೊದಲ ಏಟು ಬಿತ್ತು. ಕಾರವಾರದ ಮೀನುಗಾರರು ಈ ಮೊದಲೇ ಸೀಬರ್ಡ್ ನೌಕಾನೆಲೆಗಾಗಿ ಮನೆ, ದಂಡೆ ಬಿಟ್ಟುಕೊಟ್ಟವರು. ಐಎನ್ಎಸ್ ಕದಂಬ ಎಂದು ಆ ನೆಲೆ ಉದ್ಘಾಟನೆಯಾಗಿ ಆಗ ಸರಿಯಾಗಿ ಒಂದು ವರ್ಷವಾಗಿತ್ತು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಓದುಗರ ಗಮನಕ್ಕೆ ತರಬೇಕು. ಹಡಗಿನ ಎಣ್ಣೆಯಿಂದಾಗುವ ನಷ್ಟಕ್ಕೆ ಮಾಲೀಕನೇ ಹೊಣೆ ಎನ್ನುವ ಅಂತಾರಾಷ್ಟ್ರೀಯ ಒಪ್ಪಂದ 1969ರಿಂದಲೇ ಇದೆ. ಆದರೆ ಅದು ಎಣ್ಣೆಯನ್ನು ಸರಕಾಗಿ ಹೊತ್ತ ಟ್ಯಾಂಕರುಗಳಿಗೆ ಮಾತ್ರ. ಓಷನ್ ಸೆರಾಯಾದಲ್ಲಿದ್ದದ್ದು ಹಡಗು ಓಡಿಸಲು ತುಂಬಿಸಿಕೊಂಡ ಎಣ್ಣೆ. ಅಂಥ ಎಣ್ಣೆಗೂ ಮಾಲೀಕ ಹೊಣೆ, ವಿಮೆ ಕಡ್ಡಾಯ ಎನ್ನುವ ಬಂಕರ್ ಒಪ್ಪಂದ 2001ರಲ್ಲಿ ಲಂಡನ್ನಿನಲ್ಲಿ ಸಿದ್ಧವಾಗಿತ್ತು. ಅದು ಜಾರಿಗೆ ಬಂದದ್ದು 2008ರ ನವೆಂಬರ್ 21ಕ್ಕೆ. ನಮ್ಮ ದೇಶ ಅದಕ್ಕೆ ಸೇರಲು ತೀರ್ಮಾನಿಸಿದ್ದು 2015ರಲ್ಲಿ. ಮೀನಿಗೆ, ಮರಳಿಗೆ ಸರಕಿನ ಎಣ್ಣೆ ಯಾವುದು, ಓಡಿಸುವ ಎಣ್ಣೆ ಯಾವುದು ಎಂದು ಗೊತ್ತಿಲ್ಲ. ಕಾನೂನಿಗೆ ಗೊತ್ತಿತ್ತು.

ಇನ್ನು ಆ ಪನಾಮಾ ಬಾವುಟ. 1920ರ ದಶಕದಲ್ಲಿ ಅಮೆರಿಕದಲ್ಲಿ ಪಾನನಿಷೇಧ ಬಂದಾಗ ಪ್ರಯಾಣಿಕರಿಗೆ ಮದ್ಯ ಹಂಚಲು ಅಡ್ಡಿಯಾಯಿತೆಂದು ಕೆಲವು ಅಮೆರಿಕನ್ ಹಡಗುಗಳು ಪನಾಮಾದ ಬಾವುಟ ಹಾರಿಸಿದವು. ಮದ್ಯಕ್ಕಾಗಿ ಹಿಡಿದ ದಾರಿ ತೆರಿಗೆಗೂ ಅನುಕೂಲವಾಯಿತು, ಕೂಲಿ ಕಡಿಮೆ ಕೊಡಲೂ ಅನುಕೂಲವಾಯಿತು. 1948ರಲ್ಲಿ ಲೈಬೀರಿಯಾ ಇದೇ ಅಂಗಡಿ ತೆರೆಯಿತು. ಇಂಗ್ಲಿಷಿನಲ್ಲಿ ಇದನ್ನು ಅನುಕೂಲದ ಬಾವುಟ ಎನ್ನುತ್ತಾರೆ. ನಮ್ಮ ತಾಲ್ಲೂಕು ಕಚೇರಿಯ ಭಾಷೆಯಲ್ಲಿ ಇದಕ್ಕೆ ಇನ್ನೂ ಚೆನ್ನಾದ ಮಾತಿದೆ: ಬೇನಾಮಿ. ಫಾರಸಿಯಲ್ಲಿ 'ಬೇ' ಎಂದರೆ ಇಲ್ಲದ್ದು, 'ನಾಮ್' ಎಂದರೆ ಹೆಸರು. ಹೆಸರಿದ್ದೂ ಹೆಸರಿಲ್ಲದ ಆಸ್ತಿ.

ಫಾರಸಿಯ ಮಾತು ಬಂತೆಂದು ಇನ್ನೊಂದು ಪದವನ್ನೂ ಹೇಳಿಬಿಡುತ್ತೇವೆ. ಹೊಣೆ ಎನ್ನುವುದಕ್ಕೆ ಕನ್ನಡಿಗರು ದಿನನಿತ್ಯ ಬಳಸುವ 'ಜವಾಬ್ದಾರಿ' ನಮ್ಮ ಉರ್ದು ಶಾಲೆಯ ಹಲಗೆಯ ಮೇಲೂ ಇದ್ದ ಪದವೇ. ಜವಾಬು ಎಂದರೆ ಉತ್ತರ. ಜವಾಬ್ದಾರ ಎಂದರೆ ಉತ್ತರ ಹೊತ್ತವನು, ಕೇಳಿದಾಗ ಎದ್ದು ನಿಂತು ಜವಾಬು ಕೊಡಬೇಕಾದವನು. ಕಂಪನಿಗಳ ಜವಾಬ್ದಾರಿಯ ಬಗ್ಗೆ ಐವತ್ತು ಅರವತ್ತು ವರ್ಷಗಳಿಂದ ನಡೆದಿರುವ ರಾಜಕೀಯ ಜಗಳದ ತಿರುಳು ಈ ಪದದಲ್ಲೇ ಇದೆ. ಹಣ ಎಷ್ಟು ಎನ್ನುವುದು ಎರಡನೆಯ ಪ್ರಶ್ನೆ. ಎದ್ದು ನಿಲ್ಲುವವನು ಯಾರು ಎನ್ನುವುದು ಮೊದಲನೆಯದು.

1967ರ ಮಾರ್ಚ್ 18ರಂದು ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿ, ಕಾರ್ನ್‌ವಾಲ್ ಮತ್ತು ಸಿಲ್ಲಿ ದ್ವೀಪಗಳ ನಡುವೆ, 'ಟೋರಿ ಕ್ಯಾನ್ಯನ್' ಎಂಬ ಟ್ಯಾಂಕರ್ ಬಂಡೆಯೇರಿತು. ಒಳಗೆ ಸುಮಾರು 1 ಲಕ್ಷ 19 ಸಾವಿರ ಟನ್ ಕಚ್ಚಾ ಎಣ್ಣೆ. ಅಷ್ಟು ದೊಡ್ಡ ಎಣ್ಣೆ ಸೋರಿಕೆಯನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ಪ್ರಧಾನಿ ಹೆರಾಲ್ಡ್ ವಿಲ್ಸನ್ನರ ರಜಾಮನೆ ಅದೇ ಸಿಲ್ಲಿ ದ್ವೀಪದಲ್ಲಿತ್ತು. ಸರ್ಕಾರ ವಿಮಾನ ಕಳಿಸಿ ಹಡಗಿನ ಮೇಲೆ ಬಾಂಬು ಹಾಕಿಸಿತು, ನೇಪಾಮ್ ಸುರಿಸಿತು. ದಂಡೆಗೆ ಸುರಿದ ಮಾರ್ಜಕಗಳು ಎಣ್ಣೆಗಿಂತ ಹೆಚ್ಚು ಜೀವಿಗಳನ್ನು ಕೊಂದವೆಂದು ಆಮೇಲೆ ವಿಜ್ಞಾನಿಗಳು ಹೇಳಿದರು.

ಹಡಗು ಯಾರದು? ಬಾವುಟ ಲೈಬೀರಿಯಾದ್ದು. ಮಾಲೀಕ ಬಾರಾಕುಡಾ ಎಂಬ ಹೆಸರಿನ ಕಂಪನಿ. ಬಾಡಿಗೆಗೆ ಹಿಡಿದದ್ದು ಕ್ಯಾಲಿಫೋರ್ನಿಯಾದ ಯೂನಿಯನ್ ಆಯಿಲ್. ಆ ಯಾನಕ್ಕೆ ಮರುಬಾಡಿಗೆ ಪಡೆದದ್ದು ಬ್ರಿಟಿಷ್ ಪೆಟ್ರೋಲಿಯಂ, ಅಂದರೆ ಬಿಪಿ. ಕಪ್ತಾನ ಇಟಲಿಯವನು. ಅಮೆರಿಕದ ಹಳೆಯ ಕಾನೂನಿನ ಪ್ರಕಾರ ಅಪಘಾತದ ನಂತರ ಹಡಗಿನಲ್ಲಿ ಏನು ಉಳಿದಿದೆಯೋ ಅದರ ಬೆಲೆಯಷ್ಟೇ ಮಾಲೀಕನ ಹೊಣೆ. ಉಳಿದದ್ದು ಒಂದು ಜೀವರಕ್ಷಕ ದೋಣಿ. ಬೆಲೆ 50 ಡಾಲರ್. ಇದು ನಗೆಚಾಟಿಕೆಯಲ್ಲ, ವಕೀಲರು ಗಂಭೀರವಾಗಿ ಮುಂದಿಟ್ಟ ವಾದ.

ಬ್ರಿಟಿಷರು ಆಗ ಮಾಡಿದ್ದು ಸ್ವಾರಸ್ಯವಾಗಿದೆ. ಅದೇ ಮಾಲೀಕನ ಇನ್ನೊಂದು ಹಡಗು 'ಲೇಕ್ ಪಲೂರ್ಡ್' ಸಿಂಗಪುರಕ್ಕೆ ಬರುವುದನ್ನು ಕಾದರು. ಬಂದ ಕೂಡಲೇ ಒಬ್ಬ ವಕೀಲ ಹಡಗು ಹತ್ತಿದ. ವಿಸ್ಕಿ ಮಾರುವವನಿರಬೇಕೆಂದು ನಾವಿಕರು ಬಿಟ್ಟುಕೊಂಡರಂತೆ. ಅವನು ನೇರ ಹೋಗಿ ಕಂಬಕ್ಕೆ ಜಪ್ತಿ ಆದೇಶ ಅಂಟಿಸಿದ. ಸತ್ತ ಹಡಗಿನ ಸಾಲಕ್ಕೆ ಬದುಕಿದ ಹಡಗನ್ನು ಹಿಡಿದ ಮೇಲೆಯೇ ಮಾಲೀಕರು ಮಾತಿಗೆ ಬಂದದ್ದು. 1969ರಲ್ಲಿ 30 ಲಕ್ಷ ಪೌಂಡಿಗೆ ರಾಜಿಯಾಯಿತು. ಬ್ರಿಟನ್ನಿಗೂ ಫ್ರಾನ್ಸಿಗೂ ಅರ್ಧರ್ಧ.

ಅದೇ ನವೆಂಬರಿನಲ್ಲಿ ಬ್ರಸೆಲ್ಸಿನಲ್ಲಿ ಒಪ್ಪಂದವಾಯಿತು. ನಾವು ಮೇಲೆ ಹೇಳಿದ್ದು ಅದನ್ನೇ. ಅದರಲ್ಲಿ ಎರಡು ಕೈಗಳಿವೆ. ಒಂದು ಕೈ ಕೊಡುತ್ತದೆ: ತಪ್ಪು ಯಾರದೆಂದು ಸಾಬೀತುಪಡಿಸುವ ಹೊರೆ ಬೇಡ, ಎಣ್ಣೆ ಚೆಲ್ಲಿದರೆ ಮಾಲೀಕ ಹೊಣೆ. ಇನ್ನೊಂದು ಕೈ ಕಿತ್ತುಕೊಳ್ಳುತ್ತದೆ: ಹಡಗಿನ ತೂಕಕ್ಕೆ ತಕ್ಕ ಒಂದು ಮಿತಿ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹಡಗನ್ನು ಬಾಡಿಗೆಗೆ ಹಿಡಿದ ಎಣ್ಣೆ ಕಂಪನಿ ನೇರವಾಗಿ ಕಟಕಟೆ ಹತ್ತಬೇಕಿಲ್ಲ. ಎಣ್ಣೆ ಆಮದು ಮಾಡುವವರಿಂದ ವಂತಿಗೆ ಎತ್ತುವ ನಿಧಿಯೊಂದು 1971ರಲ್ಲಿ ಬಂತು, ಅದಕ್ಕೂ ಮಿತಿಯಿತ್ತು. ಮಿತಿ ಇಲ್ಲದಿದ್ದರೆ ಯಾವ ವಿಮೆ ಕಂಪನಿಯೂ ಮುಂದೆ ಬರುವುದಿಲ್ಲ, ಹಡಗು ವ್ಯಾಪಾರವೇ ನಿಲ್ಲುತ್ತದೆ ಎನ್ನುವುದು ಆಗಿನ ವಾದ. ಈಗಲೂ ಅದೇ ವಾದ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ವಿಮೆಯಿಲ್ಲದ ಲಾರಿ ಗುದ್ದಿದರೆ ಸತ್ತವನ ಮನೆಯವರಿಗೆ ಏನೂ ಸಿಗುವುದಿಲ್ಲ ಎಂಬುದು ಹೆದ್ದಾರಿಯ ಪಕ್ಕದ ಯಾವ ಹಳ್ಳಿಗೂ ಗೊತ್ತು. ಆದರೆ ಮಿತಿಯನ್ನು ಗೊತ್ತುಮಾಡುವ ಮೇಜಿನ ಸುತ್ತ ಕುಳಿತವರಲ್ಲಿ ಬಲೆ ಹೆಣೆಯುವವನು ಒಬ್ಬನೂ ಇರಲಿಲ್ಲ.

ಫ್ರಾನ್ಸಿನ ಬ್ರಿಟನಿ ಪ್ರಾಂತದ ಹಳ್ಳಿಗಳ ಕಥೆ ಇದಕ್ಕೆ ಹೊಂದಿಕೊಂಡೇ ಬರುತ್ತದೆ. 1978ರ ಮಾರ್ಚ್ 16ರಂದು 'ಅಮೋಕೊ ಕಾಡಿಜ್' ಎಂಬ ಟ್ಯಾಂಕರ್ ಪೋರ್ಟ್‌ಸಾಲ್ ಎಂಬ ಸಣ್ಣ ಮೀನುಗಾರರ ಊರಿನೆದುರು ಒಡೆದು 2 ಲಕ್ಷ 20 ಸಾವಿರ ಟನ್ನಿಗೂ ಹೆಚ್ಚು ಎಣ್ಣೆ ಸುರಿಯಿತು. ಬಾವುಟ ಮತ್ತೆ ಲೈಬೀರಿಯಾದ್ದೇ. ಅಲ್ಲಿನ ಊರೊಂದರ ಮೇಯರ್ ಅಲ್ಫೋನ್ಸ್ ಆರ್ಜೆಲ್ ಸುತ್ತಲಿನ ಗ್ರಾಮಸಭೆಗಳನ್ನು ಒಟ್ಟುಗೂಡಿಸಿದರು. ಒಪ್ಪಂದದ ಮಿತಿಯೊಳಗಿನ ಪರಿಹಾರ ಬೇಡ, ಹಡಗಿನ ಹಿಂದಿರುವ ತಾಯಿ ಕಂಪನಿಯೇ ಜವಾಬು ಕೊಡಲಿ ಎಂದು ಅಮೆರಿಕದ ಷಿಕಾಗೊ ನಗರದ ಕೋರ್ಟಿಗೇ ಹೋದರು. ಊರವರ ತೆರಿಗೆಯ ಹಣದಲ್ಲಿ ವಕೀಲರನ್ನಿಟ್ಟರು. 1984ರಲ್ಲಿ ನ್ಯಾಯಾಧೀಶ ಫ್ರಾಂಕ್ ಮೆಕ್‌ಗಾರ್, ಲೈಬೀರಿಯಾದ ಹೆಸರು, ನಡುವಿನ ಕಂಪನಿಗಳ ಹೆಸರು ಎಲ್ಲವನ್ನೂ ಸರಿಸಿ, ಇಂಡಿಯಾನಾದ ಸ್ಟಾಂಡರ್ಡ್ ಆಯಿಲ್ ಕಂಪನಿಯೇ ಹೊಣೆ ಎಂದರು. ಮೇಲ್ಮನವಿಯೂ ಮುಗಿಯುವ ಹೊತ್ತಿಗೆ 1992. ಹದಿನಾಲ್ಕು ವರ್ಷ ಹಳ್ಳಿಯ ಪಂಚಾಯಿತಿಯೊಂದು ಸಮುದ್ರದಾಚೆಯ ಕೋರ್ಟಿನಲ್ಲಿ ನಿಂತದ್ದು ಸಣ್ಣ ಮಾತಲ್ಲ.

ಅಲಾಸ್ಕದಲ್ಲಿ 1989ರ ಮಾರ್ಚ್ 24ರಂದು 'ಎಕ್ಸಾನ್ ವಾಲ್ಡೀಜ್' ಒಡೆದಾಗ ಬಾವುಟವೂ ಅಮೆರಿಕದ್ದು, ಕಂಪನಿಯೂ ಅಮೆರಿಕದ್ದು, ಹುಡುಕುವ ಕೆಲಸವಿರಲಿಲ್ಲ. 1994ರಲ್ಲಿ ಜ್ಯೂರಿ 500 ಕೋಟಿ ಡಾಲರ್ ದಂಡ ಹಾಕಿತು. ಕಂಪನಿ ಮೇಲ್ಮನವಿಯ ಮೇಲೆ ಮೇಲ್ಮನವಿ ಹೂಡಿತು. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು 50.75 ಕೋಟಿ ಡಾಲರಿಗೆ ಇಳಿಸಿತು. ಅಷ್ಟರಲ್ಲಿ ಅರ್ಜಿದಾರರಾಗಿದ್ದ ಮೀನುಗಾರರಲ್ಲಿ ಎಷ್ಟೋ ಜನ ಮಣ್ಣಾಗಿದ್ದರು.

ಈಗ 2010ರ ಬೇಸಿಗೆಗೆ ಬರೋಣ. ಆ ಬೇಸಿಗೆಯಲ್ಲಿ ಮೂರು ಸುದ್ದಿಗಳು ಒಂದರ ಬೆನ್ನಿಗೊಂದು ಬಂದವು.

ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಬಿಪಿ ಕಂಪನಿಗಾಗಿ ಬಾವಿ ತೋಡುತ್ತಿದ್ದ 'ಡೀಪ್‌ವಾಟರ್ ಹೊರೈಜನ್' ಸಿಡಿದು 11 ಕೆಲಸಗಾರರು ಸತ್ತರು. 87 ದಿನ ಸಮುದ್ರದ ತಳದಿಂದ ಎಣ್ಣೆ ಉಕ್ಕಿತು. ಮೇ ತಿಂಗಳಲ್ಲಿ ಸೆನೆಟ್ ವಿಚಾರಣೆಯಲ್ಲಿ ಮೂರು ಕಂಪನಿಗಳ ಮುಖ್ಯಸ್ಥರು ಸಾಲಾಗಿ ಕುಳಿತರು. ಯಂತ್ರ ಟ್ರಾನ್ಸೋಷನ್ನಿನದು ಎಂದಿತು ಬಿಪಿ. ಬಾವಿ ಬಿಪಿಯದು ಎಂದಿತು ಟ್ರಾನ್ಸೋಷನ್. ಬಿಪಿ ಹೇಳಿದಂತೆ ಸಿಮೆಂಟು ಹಾಕಿದೆವು ಎಂದಿತು ಹ್ಯಾಲಿಬರ್ಟನ್. ಅಂದಹಾಗೆ ಆ ಯಂತ್ರಕ್ಕೂ ಮಾರ್ಷಲ್ ದ್ವೀಪಗಳ ಬಾವುಟವಿತ್ತು! ಎಕ್ಸಾನ್ ಪ್ರಕರಣದ ನಂತರ ಅಮೆರಿಕ 1990ರಲ್ಲಿ ಮಾಡಿಕೊಂಡ ಕಾನೂನಿನಲ್ಲಿ ಇಂಥ ಬಾವಿಗಳ ನಷ್ಟಕ್ಕೆ 7.5 ಕೋಟಿ ಡಾಲರಿನ ಮಿತಿ ಇತ್ತು. ಅದನ್ನು ಏರಿಸಬೇಕೆಂದು ಒಂದು ಪಕ್ಷ, ಏರಿಸಿದರೆ ಸಣ್ಣ ಕಂಪನಿಗಳು ಮುಳುಗುತ್ತವೆ ಎಂದು ಇನ್ನೊಂದು ಪಕ್ಷ. ಅಧ್ಯಕ್ಷ ಒಬಾಮಾ ಜೂನ್ 16ರಂದು ಬಿಪಿಯವರನ್ನು ಶ್ವೇತಭವನಕ್ಕೆ ಕರೆಸಿ 2000 ಕೋಟಿ ಡಾಲರಿನ ಪರಿಹಾರ ನಿಧಿಗೆ ಒಪ್ಪಿಸಿದರು. ಮರುದಿನವೇ ಟೆಕ್ಸಾಸಿನ ಸಂಸದ ಜೋ ಬಾರ್ಟನ್, ಇದು ಸರ್ಕಾರದ ಸುಲಿಗೆ ಎಂದು ಬಿಪಿಯ ಮುಖ್ಯಸ್ಥರ ಕ್ಷಮೆ ಕೇಳಿದರು. ಸ್ವಪಕ್ಷದವರೇ ಗದರಿದ ಮೇಲೆ ಸಂಜೆಯೊಳಗೆ ಆ ಕ್ಷಮೆಯನ್ನು ಹಿಂತೆಗೆದುಕೊಂಡರು. ಇತ್ತ ಎಣ್ಣೆ ಬಡಿದ ಲೂಯಿಸಿಯಾನಾದಲ್ಲಿಯೇ, ಆಳದ ಬಾವಿ ತೋಡುವುದನ್ನು ಆರು ತಿಂಗಳು ನಿಲ್ಲಿಸಿದ್ದಕ್ಕೆ ನೌಕರಿ ಹೋಗುತ್ತದೆಂದು ಜನ ಕೂಗಿದರು. ಬಲೆಯೂ ಅಲ್ಲಿಯದೇ, ಸಂಬಳವೂ ಅಲ್ಲಿಯದೇ. ಕೊನೆಗೆ 2014ರಲ್ಲಿ ನ್ಯಾಯಾಲಯ ತಪ್ಪನ್ನು ತಕ್ಕಡಿಯಲ್ಲಿಟ್ಟು ತೂಗಿತು: ಬಿಪಿ ಶೇಕಡ 67, ಟ್ರಾನ್ಸೋಷನ್ 30, ಹ್ಯಾಲಿಬರ್ಟನ್ 3.

ಎರಡನೆಯ ಸುದ್ದಿ ಜೂನ್ 7ರದು. ಭೋಪಾಲದ ನ್ಯಾಯಾಲಯ ಯೂನಿಯನ್ ಕಾರ್ಬೈಡಿನ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷದ ಸಜೆ ವಿಧಿಸಿತು. ಅವರಿಗೆ ಅಂದೇ ಜಾಮೀನು ಸಿಕ್ಕಿತು. 1984ರ ಡಿಸೆಂಬರಿನ ಆ ರಾತ್ರಿಗೆ 1989ರಲ್ಲಿ ನಮ್ಮ ಸರ್ಕಾರ ಒಪ್ಪಿಕೊಂಡ ಪರಿಹಾರ 47 ಕೋಟಿ ಡಾಲರ್. ಎರಡು ಸುದ್ದಿಗಳೂ ಒಂದೇ ಪುಟದಲ್ಲಿ ಬಂದಾಗ ಲೆಕ್ಕ ಬಾರದವನಿಗೂ ಲೆಕ್ಕ ಬಂತು. ಕೇಂದ್ರ ಸರ್ಕಾರ ಅವಸರದಲ್ಲಿ ಮಂತ್ರಿಗಳ ಗುಂಪು ರಚಿಸಿತು, ಡಿಸೆಂಬರಿನಲ್ಲಿ ಹೆಚ್ಚಿನ ಪರಿಹಾರ ಕೋರಿ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಮಾರ್ಚ್ 14ರಂದು ಆ ಅರ್ಜಿ ವಜಾ ಆಯಿತು. ವಿಚಿತ್ರವೆಂದರೆ ಅಪಾಯಕಾರಿ ಉದ್ಯಮದ ಹೊಣೆಗೆ ಮಿತಿಯಿಲ್ಲ, ಕಂಪನಿ ಎಷ್ಟು ದೊಡ್ಡದೋ ಪರಿಹಾರ ಅಷ್ಟು ದೊಡ್ಡದಿರಬೇಕು ಎಂದು ಇದೇ ಸುಪ್ರೀಂ ಕೋರ್ಟು 1986ರ ಡಿಸೆಂಬರ್ 20ರಂದು, ದೆಹಲಿಯ ಅನಿಲ ಸೋರಿಕೆಯ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿತ್ತು. ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಆ ತೀರ್ಪು ಬರೆದದ್ದು ಭೋಪಾಲವನ್ನು ಮನಸ್ಸಿನಲ್ಲಿಟ್ಟುಕೊಂಡೇ ಎನ್ನುವವರಿದ್ದಾರೆ. ಭೋಪಾಲಕ್ಕೆ ಅದು ತಲುಪಲಿಲ್ಲ.

ಮೂರನೆಯ ಸುದ್ದಿ ನಮ್ಮದೇ. ಬೇಲೆಕೇರಿ ಬಂದರಿನಲ್ಲಿ ಮಾರ್ಚಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಸದ್ದಿಲ್ಲದೆ ಹಡಗು ಹತ್ತಿ ಹೋಗಿತ್ತು. ಜೂನ್ 23ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ಹಿಂಪಡೆದರು. ವಿಧಾನಸಭೆಯಲ್ಲಿ ಧರಣಿ, ತೊಡೆ ತಟ್ಟುವುದು ಎಲ್ಲ ಆಗಿ, ಜುಲೈ 25ರಿಂದ ಸಿದ್ದರಾಮಯ್ಯನವರ ನೇತೃತ್ವದಲ್ಲಿ ಕಾಂಗ್ರೆಸ್ಸಿಗರು ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರ್ ನಡೆದರು.

ಎಣ್ಣೆಯ ಚರಿತ್ರೆ ಹೇಳುತ್ತ ಅದಿರಿಗೆ ಯಾಕೆ ಬಂದಿರಿ ಎಂದು ಓದುಗರು ಕೇಳಬಹುದು. ಲೋಕಾಯುಕ್ತ ವರದಿಗಳನ್ನು ಓದಿದಾಗ ನಮಗೆ ಟೋರಿ ಕ್ಯಾನ್ಯನ್ನಿನ ಒಡೆತನದ ಸರಪಣಿಯೇ ನೆನಪಾಯಿತು. ಗಣಿ ಗುತ್ತಿಗೆ ಒಬ್ಬರ ಹೆಸರಲ್ಲಿ. ಅಗೆಯುವವನು ಇನ್ನೊಬ್ಬ, ಅವನಿಗೆ ರೈಸಿಂಗ್ ಕಾಂಟ್ರಾಕ್ಟರ್ ಎಂದು ಹೆಸರು. ಕೊಳ್ಳುವವನು ಮತ್ತೊಬ್ಬ, ಪರ್ಮಿಟ್ ಯಾರದೋ, ಲಾರಿ ನಮ್ಮ ಚಾಚಾನಂಥವರದು, ಹಡಗು ಪನಾಮಾದ್ದೋ ಲೈಬೀರಿಯಾದ್ದೋ. ಬೆಟ್ಟ ಕರಗಿದ್ದಕ್ಕೆ ಯಾರನ್ನು ಹಿಡಿಯುವುದು? 2009ರ ಆಗಸ್ಟಿನವರೆಗೆ ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಎಂಥ ಉತ್ತಮ ಅದಿರಿಗೂ ಟನ್ನಿಗೆ 27 ರೂಪಾಯಿ ದಾಟುತ್ತಿರಲಿಲ್ಲ. ನಾವು ರಾಜಧನ ಕಟ್ಟಿದ್ದೇವೆ, ಇನ್ನೇನು ಕೊಡಬೇಕು ಎಂದು ಕೇಳುವವರಿಗೆ ಆ ರಸೀದಿಯೇ 50 ಡಾಲರಿನ ದೋಣಿಯಾಗಿತ್ತು.

ಇಲ್ಲಿ ಸರಪಣಿ ಕಡಿದದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು 2009ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ. ಈ ಸಂಘಟನೆಯನ್ನು ತುಂಗಭದ್ರೆಯ ದಂಡೆಯವರು ಮೊದಲೇ ಬಲ್ಲರು. 1984ರಲ್ಲಿ ಹರಿಹರದ ಎದುರು ದಡದ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯ ಕೆಳಗೆ ನದಿಯಲ್ಲಿ ಮೀನುಗಳು ರಾಶಿರಾಶಿ ಸತ್ತು ತೇಲಿದಾಗ, ಕಾರ್ಖಾನೆಯೇ ಹೊಣೆ ಎಂದು ನಲವಾಗಲು ಮೊದಲಾದ ಹಳ್ಳಿಗಳ ಜನರ ಜೊತೆ ನಿಂತವರು ಇವರೇ. ಅಲ್ಲೂ ಒಂದೆಡೆ ನದಿ, ಇನ್ನೊಂದೆಡೆ ಸಾವಿರಾರು ಕುಟುಂಬಗಳ ಸಂಬಳ, ಲೂಯಿಸಿಯಾನಾದ ಜಗಳ. ಆ ನದಿಯೇ ಮುಂದೆ ಹೊಸಪೇಟೆಯ ಅಣೆಕಟ್ಟು ಸೇರಿ, ಕಾಲುವೆ ಹಿಡಿದು ನಮ್ಮ ಗದ್ದೆಗಳಿಗೆ ಬರುವುದು.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವರಲ್ಲಿ ಗಡಿ ದಾಟಿ ಗುಂಡಿ ತೋಡಿದವರು ಹೆಕ್ಟೇರಿಗೆ 5 ಕೋಟಿ, ಗಡಿಯಾಚೆ ಮಣ್ಣು ಸುರಿದವರು ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕಾಯಿತು. ಅದಿರು ಮಾರಾಟದ ಒಂದು ಪಾಲನ್ನೂ ಹಿಡಿದು, ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಎತ್ತಿಡಲಾಯಿತು. ಅಗೆದವನು ಯಾರು ಎಂಬ ವಾದಕ್ಕೆ ಹೋಗದೆ, ಗುತ್ತಿಗೆ ಯಾರ ಹೆಸರಲ್ಲಿದೆಯೋ ಅವನೇ ಜವಾಬ್ದಾರ ಎಂದದ್ದು ಈ ತೀರ್ಪಿನ ಗಟ್ಟಿತನ. ಆದರೆ ಅದಕ್ಕಾಗಿ 2014ರಲ್ಲಿ ನಿಗಮ ಹುಟ್ಟಿದರೂ ಹಣ ಖರ್ಚಾಗಲು ನ್ಯಾಯಾಲಯದ ಅಪ್ಪಣೆಗಾಗಿ ಎಂಟು ವರ್ಷ ಕಾಯಬೇಕಾಯಿತು. 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲುಸ್ತುವಾರಿಗೆ ನೇಮಿಸಿದ ಮೇಲೆ ಸುಮಾರು 25 ಸಾವಿರ ಕೋಟಿಯ ಯೋಜನೆಗೆ ಚಾಲನೆ ಸಿಕ್ಕಿತು. ಗಣಿ ಧೂಳು ಕುಡಿದು ಬೆಳೆದ ಮಗು ಅಷ್ಟರಲ್ಲಿ ಪಿಯುಸಿ ಮುಗಿಸಿತ್ತು.

ಸಮುದ್ರದ ಕಡೆ ಈ ದೇಶ ಕಲಿತದ್ದು ಕಡಿಮೆ. 2011ರ ಆಗಸ್ಟ್ 4ರಂದು ಮುಂಬಯಿಯ ಬಳಿ 'ರಾಕ್' ಎಂಬ ಹಡಗು 60 ಸಾವಿರ ಟನ್ ಕಲ್ಲಿದ್ದಲಿನೊಂದಿಗೆ ಮುಳುಗಿತು. ಬಾವುಟ, ಹೇಳಬೇಕಾಗಿಲ್ಲ, ಪನಾಮಾದ್ದು. 2016ರಲ್ಲಿ ಹಸಿರು ನ್ಯಾಯಾಧಿಕರಣ ಹಡಗಿನ ಡೆಲ್ಟಾ ಕಂಪನಿಗೆ 100 ಕೋಟಿ ರೂಪಾಯಿ, ಕಲ್ಲಿದ್ದಲು ತರಿಸಿದ್ದ ಅದಾನಿ ಎಂಟರ್‌ಪ್ರೈಸಸ್ಸಿಗೆ 5 ಕೋಟಿ ರೂಪಾಯಿ ಕಟ್ಟಲು ಆದೇಶಿಸಿತು. ಸರಕಿನ ಯಜಮಾನನ ಹೆಸರೂ ಆದೇಶದಲ್ಲಿ ಬಂದದ್ದನ್ನು ಗಮನಿಸಬೇಕು. ಬ್ರಸೆಲ್ಸ್ ಒಪ್ಪಂದ ಅಂಥವನನ್ನು ಹೊರಗೆ ಕೂರಿಸಿತ್ತು. 2017ರ ಜನವರಿಯಲ್ಲಿ ಚೆನ್ನೈ ಹತ್ತಿರದ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಬಂದರಿನವರು ಮೊದಲು ಏನೂ ಆಗಿಲ್ಲವೆಂದರು. ಆಮೇಲೆ ಮೀನುಗಾರರೂ ಕಾಲೇಜು ಹುಡುಗರೂ ಬಕೀಟಿನಲ್ಲಿ ಎಣ್ಣೆ ಎತ್ತುವ ಚಿತ್ರಗಳನ್ನು ದೇಶವೆಲ್ಲ ನೋಡಿತು.

2025ರ ಮೇ 25ರಂದು ಕೊಚ್ಚಿಯಾಚೆ 'ಎಂಎಸ್‌ಸಿ ಎಲ್ಸಾ 3' ಮುಳುಗಿತು. ಲೈಬೀರಿಯಾದ ಬಾವುಟ, ಜಿನೀವಾದ ಕಂಪನಿ. 640 ಕಂಟೇನರು, 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್. ತಿರುವನಂತಪುರದ ದಂಡೆಗಳಲ್ಲಿ ಪ್ಲಾಸ್ಟಿಕ್ ಕಾಳುಗಳನ್ನು ಜನ ಮೊರ, ಜರಡಿಗಳಲ್ಲಿ ಕೇರಿದರು. ಹದಿನೈದು ದಿನದಲ್ಲೇ, ಜೂನ್ 9ರಂದು, 'ವಾನ್ ಹೈ 503' ಹಡಗಿಗೆ ಬೆಂಕಿ ಬಿದ್ದು, ಪಾರಾದ 18 ನಾವಿಕರನ್ನು ನಮ್ಮ ಮಂಗಳೂರಿಗೇ ತಂದರು. ಕೇರಳದಲ್ಲಿ ಎದ್ದ ರಾಜಕೀಯ ವಿವಾದ ಹೀಗಿತ್ತು: ಆಗಷ್ಟೇ ಮೇ 2ರಂದು ಪ್ರಧಾನಿಯಿಂದ ಉದ್ಘಾಟನೆಯಾದ ವಿಳಿಂಜಂ ಬಂದರಿನ ದೊಡ್ಡ ಗಿರಾಕಿ ಇದೇ ಕಂಪನಿ. ಅದಕ್ಕಾಗಿಯೇ ಎಡರಂಗ ಸರ್ಕಾರ ಕ್ರಿಮಿನಲ್ ಮೊಕದ್ದಮೆಗೆ ಹಿಂಜರಿಯುತ್ತಿದೆ, ವಿಮೆಯ ಹಣಕ್ಕೆ ಕೈಯೊಡ್ಡಿ ಕುಳಿತಿದೆ ಎಂದು ವಿರೋಧ ಪಕ್ಷ ಆರೋಪಿಸಿತು. ಜೂನಿನಲ್ಲಿ ಮೊಕದ್ದಮೆ ದಾಖಲಾಯಿತು. ಜುಲೈಯಲ್ಲಿ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು. ಕೋರ್ಟು ಅದೇ ಗುಂಪಿನ ಇನ್ನೊಂದು ಹಡಗು 'ಅಕಿಟೆಟಾ 2' ವಿಳಿಂಜಂನಲ್ಲಿದ್ದಾಗ ಅದನ್ನು ಹಿಡಿದಿಡಲು ಆದೇಶಿಸಿತು. ನಮ್ಮ ಹೊಣೆಗೆ ಮಿತಿಯಿದೆ ಎಂದಿತು ಕಂಪನಿ. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಹಡಗು ಬಿಡಲು 1,227.62 ಕೋಟಿ ರೂಪಾಯಿ ಭದ್ರತೆ ಇಡಬೇಕೆಂದಿತು. ಸಿಂಗಪುರದಲ್ಲಿ ವಿಸ್ಕಿ ಮಾರುವವನಂತೆ ಹಡಗು ಹತ್ತಿದ ವಕೀಲನ ಉಪಾಯ 58 ವರ್ಷಗಳ ನಂತರವೂ ಚಲಾವಣೆಯಲ್ಲಿದೆ.

ಈ ಸುದ್ದಿಯನ್ನೂ ನಾವು ಅದೇ ಹೋಟೆಲಿನಲ್ಲಿ ಓದಿದೆವು. ಚಾಚಾ ಈಗ ಹೆಚ್ಚು ಓಡಾಡುವುದಿಲ್ಲ. ಗಣಿ ನಿಂತ ವರ್ಷ ಕಂತು ಕಟ್ಟಲಾಗದೆ ಲಾರಿಯನ್ನು ಹೊರಗಿನವರೊಬ್ಬರಿಗೆ ಮಾರಿದ್ದರು. ಸಹಿ ಹಾಕಿದ ಫಾರಮುಗಳನ್ನು ಕೊಟ್ಟು, ಹಣ ಎಣಿಸಿಕೊಂಡು ಮರೆತಿದ್ದರು. ಕೊಂಡವರು ಆರ್‌ಸಿ ತಮ್ಮ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ. ಲಾರಿ ಎಲ್ಲೆಲ್ಲೋ ಓಡಿ, ಯಾರಿಗೋ ಗುದ್ದಿ, ವಿಮೆ ತೀರಿಹೋಗಿದ್ದರಿಂದ, ಮಾಲೀಕರೇ ಹಾಜರಾಗಿ ಉತ್ತರ ಕೊಡಬೇಕೆಂದು ಚಾಚಾನ ಹೆಸರಿಗೆ ನೋಟೀಸು ಬಂದಿತ್ತು. ಅದನ್ನು ಲುಂಗಿಯ ಮಡಿಕೆಯಿಂದ ತೆಗೆದು ನಮ್ಮ ಮುಂದೆ ಇಟ್ಟರು.

"ಓದು ಬೇಟಾ, ಇದಕ್ಕ ಏನಂತ ಜವಾಬು ಬರೀಬೇಕು?"

ನಾವು ಪತ್ರಿಕೆ ಮಡಿಸಿಟ್ಟು, ಹೋಟೆಲಿನವನ ಹತ್ತಿರ ಒಂದು ಬಿಳಿ ಹಾಳೆ ಕೇಳಿದೆವು.